ಅತಿಥಿ ಉಪನ್ಯಾಸಕರು (ಕರ್ನಾಟಕ, ರಾಜ್ಯಶಾಸ್ತ್ರ)

ಅತಿಥಿ ಉಪನ್ಯಾಸಕರು ಎಂದರೆ ಕರ್ನಾಟಕದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಮತ್ತು ವಿಶ್ವವಿದ್ಯಾಲಯಗಳಲ್ಲಿ ಒಂದು ಶೈಕ್ಷಣಿಕ ವರ್ಷ ಅಥವಾ ಸೆಮಿಸ್ಟರ್‌ನ ಮಟ್ಟಿಗೆ ತಾತ್ಕಾಲಿಕವಾಗಿ ನಿಯೋಜಿತರಾಗಿ, ಗೌರವಧನದ ಆಧಾರದ ಮೇಲೆ ಪಾಠ ಹೇಳುವ ಅಧ್ಯಾಪಕರು. ಇವರು ಸರ್ಕಾರಿ ನೌಕರರಲ್ಲ. ಇವರಿಗೆ ವೇತನಶ್ರೇಣಿ, ವಾರ್ಷಿಕ ಬಡ್ತಿ, ಪಿಂಚಣಿ ಮತ್ತು ವರ್ಗಾವಣೆಯ ಹಕ್ಕು ಇರುವುದಿಲ್ಲ. ಕಾಯಂ ಅಧ್ಯಾಪಕರು ನಿರ್ವಹಿಸಿ ಉಳಿದ ಬೋಧನಾ ಅವಧಿಗಳನ್ನು ತುಂಬುವುದು ಈ ವ್ಯವಸ್ಥೆಯ ಮೂಲ ಉದ್ದೇಶ. ಖಾಲಿ ಹುದ್ದೆಗಳ ಭರ್ತಿ ವರ್ಷಗಟ್ಟಲೆ ವಿಳಂಬವಾದುದರಿಂದ ಅನೇಕ ಗ್ರಾಮೀಣ ಕಾಲೇಜುಗಳಲ್ಲಿ ತರಗತಿಗಳ ದೊಡ್ಡ ಪಾಲನ್ನು ಇವರೇ ನಡೆಸುವ ಸ್ಥಿತಿ ಬಂದಿದೆ.

ಈ ಲೇಖನವು ವ್ಯವಸ್ಥೆಯ ಸ್ವರೂಪವನ್ನು ರಾಜ್ಯಶಾಸ್ತ್ರ ವಿಷಯವನ್ನು ಮುಖ್ಯವಾಗಿ ಇಟ್ಟುಕೊಂಡು ವಿವರಿಸುತ್ತದೆ. ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳನ್ನು ಉದಾಹರಣೆಯಾಗಿ ಬಳಸಲಾಗಿದೆ.

ಹೆಸರು ಮತ್ತು ಅರ್ಥ

'ಅತಿಥಿ' ಎಂಬ ಪದವು ಮೂಲದಲ್ಲಿ ಬೇರೆ ಸಂಸ್ಥೆಯಿಂದ ಬಂದು ಕೆಲವು ಉಪನ್ಯಾಸಗಳನ್ನು ನೀಡಿ ಹೋಗುವ ವಿದ್ವಾಂಸರನ್ನು ಸೂಚಿಸುತ್ತಿತ್ತು. ಕರ್ನಾಟಕದ ಆಡಳಿತ ಭಾಷೆಯಲ್ಲಿ ಅದು ತಾತ್ಕಾಲಿಕ ಅಧ್ಯಾಪಕರ ಅಧಿಕೃತ ಹೆಸರಾಗಿ ನಿಂತಿದೆ. ಇದಕ್ಕೆ ಸಮೀಪವಾದ ಮೂರು ಪದಗಳನ್ನು ಬೇರ್ಪಡಿಸಿ ತಿಳಿಯಬೇಕು.

* ಅರೆಕಾಲಿಕ ಉಪನ್ಯಾಸಕರು: ವಾರಕ್ಕೆ ನಿಗದಿತ ಗಂಟೆಗಳಷ್ಟು ಮಾತ್ರ ಕೆಲಸ ಮಾಡುವವರು. ಅತಿಥಿ ವ್ಯವಸ್ಥೆ ಬೇರೂರುವ ಮೊದಲು ಈ ಹೆಸರು ಹೆಚ್ಚು ಬಳಕೆಯಲ್ಲಿತ್ತು.
* ಗುತ್ತಿಗೆ ಉಪನ್ಯಾಸಕರು: ನಿಶ್ಚಿತ ಅವಧಿಯ ಕರಾರಿನ ಮೇಲೆ ಪೂರ್ಣಾವಧಿ ಕೆಲಸ ಮಾಡುವವರು.
* ಅತಿಥಿ ಉಪನ್ಯಾಸಕರು: ಲಭ್ಯವಿರುವ ಕಾರ್ಯಭಾರಕ್ಕೆ ಅನುಗುಣವಾಗಿ ಪ್ರತಿ ವರ್ಷ ಹೊಸದಾಗಿ ಆಯ್ಕೆಯಾಗುವವರು.

ನಿಯೋಜನೆಯ ಕ್ರಮ

ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ಕಾಲೇಜು ಮತ್ತು ತಾಂತ್ರಿಕ ಶಿಕ್ಷಣ ಇಲಾಖೆಯ ಆಡಳಿತಕ್ಕೆ ಒಳಪಟ್ಟಿವೆ. ಪ್ರತಿ ವರ್ಷ ಪ್ರವೇಶ ಮುಗಿದ ಬಳಿಕ ಕಾಲೇಜಿನ ಪ್ರಾಂಶುಪಾಲರು ವಿಷಯವಾರು ಕಾರ್ಯಭಾರವನ್ನು, ಅಂದರೆ ವಾರಕ್ಕೆ ಒಟ್ಟು ಎಷ್ಟು ಗಂಟೆಗಳ ಪಾಠ ನಡೆಯಬೇಕು ಎಂಬುದನ್ನು, ಲೆಕ್ಕ ಹಾಕುತ್ತಾರೆ. ಅದರಲ್ಲಿ ಮೊದಲು ಕಾಯಂ ಅಧ್ಯಾಪಕರಿಗೆ ಅವರ ಪೂರ್ಣ ಪಾಲನ್ನು ಕೊಡಲಾಗುತ್ತದೆ. ಉಳಿದ ಗಂಟೆಗಳಷ್ಟೇ ಅತಿಥಿ ಉಪನ್ಯಾಸಕರ ಪಾಲಿಗೆ ಬರುತ್ತವೆ.

ಅಭ್ಯರ್ಥಿಗಳು ಇಲಾಖೆಗೆ ಆನ್‌ಲೈನ್ ಮೂಲಕ ಅರ್ಜಿ ಸಲ್ಲಿಸುತ್ತಾರೆ. ಸ್ನಾತಕೋತ್ತರ ಪದವಿಯ ಅಂಕಗಳು, ಅರ್ಹತಾ ಪರೀಕ್ಷೆ ಅಥವಾ ಪಿಎಚ್.ಡಿ., ಹಿಂದಿನ ಸೇವಾವಧಿ ಇತ್ಯಾದಿಗಳ ಆಧಾರದಲ್ಲಿ ಅರ್ಹತಾ ಪಟ್ಟಿ ಸಿದ್ಧವಾಗುತ್ತದೆ. ಕೌನ್ಸೆಲಿಂಗ್‌ನಲ್ಲಿ ಪಟ್ಟಿಯ ಕ್ರಮದಂತೆ ಕಾಲೇಜನ್ನು ಆರಿಸಿಕೊಳ್ಳಲು ಅವಕಾಶವಿರುತ್ತದೆ. ವಿಶ್ವವಿದ್ಯಾಲಯಗಳ ಸ್ನಾತಕೋತ್ತರ ವಿಭಾಗಗಳಲ್ಲಿ ಆಯ್ಕೆಯನ್ನು ಆಯಾ ವಿಶ್ವವಿದ್ಯಾಲಯವೇ ನಡೆಸುತ್ತದೆ. ಗೌರವಧನದ ದರವೂ ಅಲ್ಲಿ ಬೇರೆಯಾಗಿರಬಹುದು.

ಆಯ್ಕೆಯಾದ ನಂತರವೂ ಕೆಲಸ ಖಚಿತವಲ್ಲ. ವರ್ಷದ ನಡುವೆ ಕಾಯಂ ಅಧ್ಯಾಪಕರೊಬ್ಬರು ವರ್ಗಾವಣೆಯ ಮೇಲೆ ಅಥವಾ ಹೊಸ ನೇಮಕಾತಿಯ ಮೂಲಕ ಆ ಕಾಲೇಜಿಗೆ ಬಂದರೆ ಅತಿಥಿ ಉಪನ್ಯಾಸಕರ ಗಂಟೆಗಳು ಅವರಿಗೆ ಹೋಗುತ್ತವೆ. ವಿಷಯದ ವಿದ್ಯಾರ್ಥಿಗಳ ಸಂಖ್ಯೆ ಇಳಿದರೂ ಇದೇ ಪರಿಣಾಮ ಉಂಟಾಗುತ್ತದೆ.

ಶೈಕ್ಷಣಿಕ ಅರ್ಹತೆ

ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿಯಂತೆ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಸಂಬಂಧಿತ ವಿಷಯದಲ್ಲಿ ಶೇ. 55 ಅಂಕಗಳೊಂದಿಗೆ ಸ್ನಾತಕೋತ್ತರ ಪದವಿ ಇರಬೇಕು. ಮೀಸಲು ವರ್ಗಗಳಿಗೆ ಇದರಲ್ಲಿ ಶೇ. 5ರಷ್ಟು ಸಡಿಲಿಕೆ ಇದೆ. ಜೊತೆಗೆ ರಾಷ್ಟ್ರೀಯ ಅರ್ಹತಾ ಪರೀಕ್ಷೆ (ನೆಟ್) ಅಥವಾ ರಾಜ್ಯ ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾಗಿರಬೇಕು, ಇಲ್ಲವೆ ನಿಯಮಾನುಸಾರ ಪಡೆದ ಪಿಎಚ್.ಡಿ. ಇರಬೇಕು. ಕರ್ನಾಟಕದ ರಾಜ್ಯ ಅರ್ಹತಾ ಪರೀಕ್ಷೆಯನ್ನು (ಕೆ-ಸೆಟ್) ಹಿಂದೆ ಮೈಸೂರು ವಿಶ್ವವಿದ್ಯಾಲಯ ನಡೆಸುತ್ತಿತ್ತು. 2023ರ ಸಾಲಿನಿಂದ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುತ್ತಿದೆ.

ಅತಿಥಿ ಉಪನ್ಯಾಸಕರಲ್ಲಿ ಈ ಅರ್ಹತೆ ಹೊಂದಿದವರೂ, ಸ್ನಾತಕೋತ್ತರ ಪದವಿಯಷ್ಟೇ ಇದ್ದವರೂ ಬಹುಕಾಲ ಕೆಲಸ ಮಾಡಿದ್ದಾರೆ. ಎರಡನೆಯ ಗುಂಪಿನ ಹಲವರು ದೀರ್ಘಕಾಲ ಪಾಠ ಹೇಳಿದ ಅನುಭವವುಳ್ಳವರು. ಅರ್ಹತೆಗೆ ಆದ್ಯತೆ ನೀಡಬೇಕೆ ಅಥವಾ ಸೇವಾವಧಿಗೆ ನೀಡಬೇಕೆ ಎಂಬುದು ಅತಿಥಿ ಉಪನ್ಯಾಸಕರ ನಡುವೆಯೇ ಭಿನ್ನಾಭಿಪ್ರಾಯ ಮೂಡಿಸಿರುವ ಪ್ರಶ್ನೆ. ಅದು ನ್ಯಾಯಾಲಯದ ಮೆಟ್ಟಿಲನ್ನೂ ಏರಿದೆ.

ಕಾರ್ಯಭಾರ ಮತ್ತು ಗೌರವಧನ

2022ರ ಜನವರಿಯವರೆಗೆ ಯುಜಿಸಿ ಅರ್ಹತೆ ಇದ್ದವರಿಗೆ ತಿಂಗಳಿಗೆ 13,000 ರೂಪಾಯಿ, ಇಲ್ಲದವರಿಗೆ 11,000 ರೂಪಾಯಿ ಗೌರವಧನ ದೊರೆಯುತ್ತಿತ್ತು. 2021ರ ಡಿಸೆಂಬರ್‌ನಲ್ಲಿ ರಾಜ್ಯದಾದ್ಯಂತ ತರಗತಿ ಬಹಿಷ್ಕಾರ ಮತ್ತು ಧರಣಿ ನಡೆದ ಬಳಿಕ, 2022ರ ಜನವರಿಯಲ್ಲಿ ಅಂದಿನ ಉನ್ನತ ಶಿಕ್ಷಣ ಸಚಿವ ಸಿ.ಎನ್. ಅಶ್ವತ್ಥ ನಾರಾಯಣ ಪರಿಷ್ಕೃತ ದರವನ್ನು ಪ್ರಕಟಿಸಿದರು.

* ಯುಜಿಸಿ ಅರ್ಹತೆ ಮತ್ತು 5 ವರ್ಷಕ್ಕೂ ಹೆಚ್ಚಿನ ಸೇವೆ: 32,000 ರೂಪಾಯಿ
* ಯುಜಿಸಿ ಅರ್ಹತೆ ಮತ್ತು 5 ವರ್ಷಕ್ಕಿಂತ ಕಡಿಮೆ ಸೇವೆ: 30,000 ರೂಪಾಯಿ
* ಅರ್ಹತೆ ಇಲ್ಲದೆ 5 ವರ್ಷಕ್ಕೂ ಹೆಚ್ಚಿನ ಸೇವೆ: 28,000 ರೂಪಾಯಿ
* ಅರ್ಹತೆ ಇಲ್ಲದೆ 5 ವರ್ಷಕ್ಕಿಂತ ಕಡಿಮೆ ಸೇವೆ: 26,000 ರೂಪಾಯಿ

ಇದರೊಂದಿಗೆ ವಾರಕ್ಕೆ 8ರಿಂದ 10 ಗಂಟೆಗಳಿದ್ದ ಕಾರ್ಯಭಾರವನ್ನು 15 ಗಂಟೆಗಳಿಗೆ ಏರಿಸಲಾಯಿತು. ಗೌರವಧನ ಎರಡು ಪಟ್ಟಿಗೂ ಹೆಚ್ಚಾದರೂ ಹಲವರು ಕೆಲಸ ಕಳೆದುಕೊಂಡುದಕ್ಕೆ ಕಾರಣ ಈ ಎರಡನೆಯ ಬದಲಾವಣೆ. ಇದನ್ನು ಒಂದು ಕಾಲ್ಪನಿಕ ಉದಾಹರಣೆಯಿಂದ ತಿಳಿಯಬಹುದು. ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರಕ್ಕೆ ವಾರಕ್ಕೆ 36 ಗಂಟೆಗಳ ಕಾರ್ಯಭಾರವಿದ್ದು ಒಬ್ಬರೇ ಕಾಯಂ ಅಧ್ಯಾಪಕರಿದ್ದಾರೆ ಎಂದುಕೊಳ್ಳೋಣ. ಅವರು 16 ಗಂಟೆ ತೆಗೆದುಕೊಂಡರೆ 20 ಗಂಟೆ ಉಳಿಯುತ್ತದೆ. ಹಳೆಯ ಕ್ರಮದಲ್ಲಿ ಅದು ತಲಾ 10 ಗಂಟೆಯಂತೆ ಇಬ್ಬರಿಗೆ ಸಾಲುತ್ತಿತ್ತು. ಹೊಸ ಕ್ರಮದಲ್ಲಿ ಒಬ್ಬರಿಗೆ 15 ಗಂಟೆ ಸಿಕ್ಕಿ, ಮತ್ತೊಬ್ಬರಿಗೆ ಉಳಿಯುವುದು 5 ಗಂಟೆ ಮಾತ್ರ. ಗಂಟೆ ಕಡಿಮೆಯಾದಂತೆ ಗೌರವಧನವೂ ಇಳಿಯುವುದರಿಂದ ಆ ಎರಡನೆಯವರು ಬಸ್ಸಿನ ಖರ್ಚನ್ನು ಲೆಕ್ಕ ಹಾಕಿಯೇ ಕೆಲಸವನ್ನು ಒಪ್ಪಬೇಕೋ ಬಿಡಬೇಕೋ ಎಂದು ತೀರ್ಮಾನಿಸಬೇಕಾಗುತ್ತದೆ.

2023ರ ನವೆಂಬರ್‌ನಿಂದ ಸೇವಾ ಕಾಯಮಾತಿಗೆ ಒತ್ತಾಯಿಸಿ ಮತ್ತೊಂದು ದೀರ್ಘ ಮುಷ್ಕರ ನಡೆಯಿತು. 2024ರ ಜನವರಿಯಲ್ಲಿ ಹೋರಾಟಗಾರರು ತುಮಕೂರಿನಿಂದ ಬೆಂಗಳೂರಿಗೆ ಪಾದಯಾತ್ರೆ ಕೈಗೊಂಡರು. ಅದೇ ಸಮಯದಲ್ಲಿ ಉನ್ನತ ಶಿಕ್ಷಣ ಸಚಿವ ಎಂ.ಸಿ. ಸುಧಾಕರ್ ಸೇವಾವಧಿಗೆ ಅನುಗುಣವಾಗಿ 5,000ದಿಂದ 8,000 ರೂಪಾಯಿವರೆಗಿನ ಹೆಚ್ಚಳ, 60 ವರ್ಷ ತುಂಬಿ ಬಿಡುಗಡೆಯಾಗುವವರಿಗೆ ಗರಿಷ್ಠ 5 ಲಕ್ಷ ರೂಪಾಯಿ ಇಡಿಗಂಟು, ಆರೋಗ್ಯ ವಿಮೆ ಮತ್ತು ತಿಂಗಳಿಗೆ ಒಂದು ದಿನದ ವೇತನಸಹಿತ ರಜೆಯನ್ನು ಪ್ರಕಟಿಸಿದರು. ಇದರಿಂದ ಅರ್ಹತೆಯೂ 15 ವರ್ಷಕ್ಕೆ ಮೀರಿದ ಸೇವೆಯೂ ಇರುವವರ ಗೌರವಧನ 40,000 ರೂಪಾಯಿಗೆ ತಲುಪಿತು. ಕಾಯಮಾತಿಯ ಬೇಡಿಕೆಯನ್ನು ಸರ್ಕಾರ ಒಪ್ಪಲಿಲ್ಲ.

ಯುಜಿಸಿ ದರದೊಂದಿಗೆ ಹೋಲಿಕೆ

ಯುಜಿಸಿ 2019ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯು ಅತಿಥಿ ಅಧ್ಯಾಪಕರಿಗೆ ಪ್ರತಿ ಉಪನ್ಯಾಸಕ್ಕೆ 1,500 ರೂಪಾಯಿ, ತಿಂಗಳಿಗೆ ಗರಿಷ್ಠ 50,000 ರೂಪಾಯಿ ಎಂದು ನಿಗದಿಪಡಿಸಿದೆ. ವಾರಕ್ಕೆ 15 ಗಂಟೆಯಂತೆ ನಾಲ್ಕು ವಾರಗಳಿಗೆ 60 ಗಂಟೆಗಳಾಗುತ್ತವೆ. ತಿಂಗಳಿಗೆ 30,000 ರೂಪಾಯಿ ಪಡೆಯುವವರಿಗೆ ಇದರಿಂದ ಗಂಟೆಗೆ ಬರುವುದು 500 ರೂಪಾಯಿ. ನಿಯೋಜನೆ ಹತ್ತು ತಿಂಗಳಿಗಷ್ಟೇ ಇದ್ದರೆ ವರ್ಷದ ಆದಾಯ 3 ಲಕ್ಷ ರೂಪಾಯಿ. ಹನ್ನೆರಡು ತಿಂಗಳಿಗೆ ಹಂಚಿದರೆ ತಿಂಗಳಿಗೆ 25,000 ರೂಪಾಯಿ. ಏಳನೆಯ ವೇತನ ಪರಿಷ್ಕರಣೆಯಂತೆ ಸಹಾಯಕ ಪ್ರಾಧ್ಯಾಪಕರ ಆರಂಭಿಕ ಮೂಲವೇತನವೇ 57,700 ರೂಪಾಯಿ.

'ಅರೆಕಾಲಿಕ' ಎಂಬ ವಿವರಣೆ ಎಷ್ಟು ಸರಿ ಎಂಬ ಪ್ರಶ್ನೆಯೂ ಇಲ್ಲಿ ಹುಟ್ಟುತ್ತದೆ. ಯುಜಿಸಿ ನಿಯಮದಂತೆ ಪೂರ್ಣಾವಧಿ ಸಹಾಯಕ ಪ್ರಾಧ್ಯಾಪಕರ ನೇರ ಬೋಧನೆಯ ಅವಧಿ ವಾರಕ್ಕೆ 16 ಗಂಟೆ. ಅತಿಥಿ ಉಪನ್ಯಾಸಕರದು 15 ಗಂಟೆ. ಪಾಠದ ಮಟ್ಟಿಗೆ ಇಬ್ಬರ ನಡುವಿನ ವ್ಯತ್ಯಾಸ ಒಂದು ಗಂಟೆ ಮಾತ್ರ. ಸಂಶೋಧನೆ ಮತ್ತು ಆಡಳಿತದ ಹೊಣೆ ಕಾಯಂ ಅಧ್ಯಾಪಕರಿಗೆ ಹೆಚ್ಚಾಗಿರುತ್ತದೆ ಎಂಬುದನ್ನು ಈ ಹೋಲಿಕೆಯಲ್ಲಿ ಗಮನಿಸಬೇಕು.

ರಾಜ್ಯಶಾಸ್ತ್ರ ವಿಷಯದ ಸ್ಥಿತಿ

ಕರ್ನಾಟಕದ ಬಿ.ಎ. ಪದವಿಯಲ್ಲಿ ಇತಿಹಾಸ, ಅರ್ಥಶಾಸ್ತ್ರ ಮತ್ತು ರಾಜ್ಯಶಾಸ್ತ್ರಗಳ ಸಂಯೋಜನೆ (ಎಚ್‌ಇಪಿ) ದೀರ್ಘಕಾಲದಿಂದ ಪ್ರಚಲಿತವಾಗಿದೆ. ರಾಜಕೀಯ ಸಿದ್ಧಾಂತ, ಪಾಶ್ಚಾತ್ಯ ಮತ್ತು ಭಾರತೀಯ ರಾಜಕೀಯ ಚಿಂತನೆ, ಭಾರತದ ಸರ್ಕಾರ ಮತ್ತು ರಾಜಕೀಯ, ಸಾರ್ವಜನಿಕ ಆಡಳಿತ, ಅಂತಾರಾಷ್ಟ್ರೀಯ ಸಂಬಂಧಗಳು ಇದರ ಮುಖ್ಯ ಪತ್ರಿಕೆಗಳು. ಇವಲ್ಲದೆ ಇತರ ಪದವಿಗಳ ವಿದ್ಯಾರ್ಥಿಗಳೂ ಓದುವ ಭಾರತದ ಸಂವಿಧಾನ ಪತ್ರಿಕೆಯ ಬೋಧನೆ ಸಾಮಾನ್ಯವಾಗಿ ರಾಜ್ಯಶಾಸ್ತ್ರದ ಅಧ್ಯಾಪಕರಿಗೆ ಬರುತ್ತದೆ. ಅತಿಥಿ ಉಪನ್ಯಾಸಕರಿಗೆ ಗಂಟೆಗಳನ್ನು ಹೊಂದಿಸುವಲ್ಲಿ ಈ ಪತ್ರಿಕೆ ಮಹತ್ವದ್ದು.

ಪಠ್ಯಕ್ರಮದ ಬದಲಾವಣೆಯೂ ಕಾರ್ಯಭಾರದ ಮೇಲೆ ನೇರ ಪರಿಣಾಮ ಬೀರುತ್ತದೆ. 2021–22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷಗಳ ಪದವಿ ಜಾರಿಗೆ ಬಂದಿತು; ವಿದ್ಯಾರ್ಥಿಗಳು ಎರಡು ಮುಖ್ಯ ವಿಷಯಗಳನ್ನು ಆರಿಸಿಕೊಳ್ಳುವ ಪದ್ಧತಿ ಬಂದಿತು. 2024–25ರಿಂದ ರಾಜ್ಯವು ಮತ್ತೆ ಮೂರು ವರ್ಷಗಳ ಪದವಿಗೆ ಮರಳಿತು. ಪ್ರತಿ ಬದಲಾವಣೆಯಲ್ಲೂ ವಿಷಯವಾರು ಗಂಟೆಗಳು ಮರುಹಂಚಿಕೆಯಾಗುತ್ತವೆ. ಕಾಯಂ ಅಧ್ಯಾಪಕರಿಗೆ ಇದು ಹೊಸ ಟಿಪ್ಪಣಿ ಬರೆಯುವ ಶ್ರಮ. ಅತಿಥಿ ಉಪನ್ಯಾಸಕರಿಗೆ ಮುಂದಿನ ವರ್ಷ ಕೆಲಸ ಇದೆಯೋ ಇಲ್ಲವೋ ಎಂಬ ಪ್ರಶ್ನೆ.

ಕಲಾ ವಿಷಯವಾದ ಕಾರಣ ಈ ಸ್ನಾತಕೋತ್ತರ ಪದವೀಧರರಿಗೆ ಬೋಧನೆಯ ಹೊರಗೆ ವಿಷಯಕ್ಕೆ ನೇರ ಸಂಬಂಧವಿರುವ ಉದ್ಯೋಗಗಳು ಕಡಿಮೆ. ಪದವಿಪೂರ್ವ ಕಾಲೇಜಿನ ಉಪನ್ಯಾಸಕ ಹುದ್ದೆಗೆ ಬಿ.ಇಡಿ. ಪದವಿಯೂ ಬೇಕಾಗುತ್ತದೆ. ಆದ್ದರಿಂದ ಹಲವರು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಲೇ ಅತಿಥಿ ಉಪನ್ಯಾಸಕರಾಗಿ ಸೇರುತ್ತಾರೆ. ಪರೀಕ್ಷೆಗಳ ವಯೋಮಿತಿ ದಾಟಿದ ಮೇಲೆ ತಾತ್ಕಾಲಿಕವೆಂದು ಹಿಡಿದ ಕೆಲಸವೇ ಜೀವನೋಪಾಯವಾಗಿ ಉಳಿಯುತ್ತದೆ.

ಕೊಳ್ಳೇಗಾಲ, ಹನೂರು ಮತ್ತು ಯಳಂದೂರು

ಈ ಮೂರು ತಾಲ್ಲೂಕುಗಳು 1997ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾದ ಚಾಮರಾಜನಗರ ಜಿಲ್ಲೆಗೆ ಸೇರಿವೆ. ಹನೂರು ಹಿಂದೆ ಕೊಳ್ಳೇಗಾಲ ತಾಲ್ಲೂಕಿನ ಭಾಗವಾಗಿದ್ದು ಈಚಿನ ವರ್ಷಗಳಲ್ಲಿ ಪ್ರತ್ಯೇಕ ತಾಲ್ಲೂಕಾಯಿತು. ಕೊಳ್ಳೇಗಾಲದಲ್ಲಿ ಶ್ರೀ ಮಹದೇಶ್ವರ ಸರ್ಕಾರಿ ಪ್ರಥಮ ದರ್ಜೆ ಕಾಲೇಜು ಇದೆ. ಹನೂರು ಮತ್ತು ಯಳಂದೂರುಗಳಲ್ಲಿಯೂ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಜಿಲ್ಲೆಯ ಕಾಲೇಜುಗಳು ಬಹುಕಾಲ ಮೈಸೂರು ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದವು. 2023ರಲ್ಲಿ ಚಾಮರಾಜನಗರ ವಿಶ್ವವಿದ್ಯಾಲಯ ಆರಂಭವಾಯಿತು. 2025ರಲ್ಲಿ ಸಚಿವ ಸಂಪುಟದ ಉಪಸಮಿತಿಯು ಮುಚ್ಚಲು ಶಿಫಾರಸು ಮಾಡಿದ ಹೊಸ ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ಅದೂ ಸೇರಿತ್ತು. ಹೀಗೆ ಇಲ್ಲಿ ಅಧ್ಯಾಪಕರ ಸೇವೆಯ ಜೊತೆಗೆ ವಿಶ್ವವಿದ್ಯಾಲಯದ ಭವಿಷ್ಯವೂ ಚರ್ಚೆಗೆ ಒಳಗಾಯಿತು.

ಭೌಗೋಳಿಕವಾಗಿ ಕೊಳ್ಳೇಗಾಲವು ನಡುವಿನ ಊರು. ಯಳಂದೂರು ಅಲ್ಲಿಂದ ಚಾಮರಾಜನಗರಕ್ಕೆ ಹೋಗುವ ದಾರಿಯಲ್ಲಿದೆ. ಹನೂರು ಮಲೆ ಮಹದೇಶ್ವರ ಬೆಟ್ಟದ ದಾರಿಯಲ್ಲಿದೆ. ಹನೂರು ಭಾಗದ ಅರಣ್ಯದಂಚಿನ ಹಳ್ಳಿಗಳ ಹಾಗೂ ಬಿಳಿಗಿರಿರಂಗನ ಬೆಟ್ಟದ ಪೋಡುಗಳ ಮಕ್ಕಳಿಗೆ ಮೈಸೂರಿನ ಹಾಸ್ಟೆಲಿನಲ್ಲಿದ್ದು ಓದುವುದಕ್ಕಿಂತ ಸಮೀಪದ ಸರ್ಕಾರಿ ಕಾಲೇಜು ಸೇರುವುದು ಸುಲಭ. ಅಂತಹ ವಿದ್ಯಾರ್ಥಿಗೆ ಸಂವಿಧಾನವನ್ನು ಕ್ರಮಬದ್ಧವಾಗಿ ಓದಿಸುವವರು ಈ ಕಾಲೇಜಿನ ರಾಜ್ಯಶಾಸ್ತ್ರ ಅಧ್ಯಾಪಕರು. ಅತಿಥಿ ಉಪನ್ಯಾಸಕರ ನಿಯೋಜನೆ ತಡವಾದರೆ ಸೆಮಿಸ್ಟರಿನ ಮೊದಲ ವಾರಗಳು ಪಾಠವಿಲ್ಲದೆ ಕಳೆಯುತ್ತವೆ. ಖಾಸಗಿ ತರಬೇತಿ ಅಥವಾ ದೊಡ್ಡ ಗ್ರಂಥಾಲಯದ ಅನುಕೂಲವಿಲ್ಲದ ಊರಿನಲ್ಲಿ ಆ ನಷ್ಟವನ್ನು ತುಂಬಿಕೊಳ್ಳುವುದು ಕಷ್ಟ.

ಪಾಠಕ್ಕೆ ಒದಗುವ ಸ್ಥಳೀಯ ನಿದರ್ಶನಗಳು

ರಾಜ್ಯಶಾಸ್ತ್ರದ ಹಲವು ಪರಿಕಲ್ಪನೆಗಳಿಗೆ ಈ ಪ್ರದೇಶದಲ್ಲಿಯೇ ನಿದರ್ಶನಗಳು ಸಿಗುತ್ತವೆ. ಸ್ಥಳೀಯ ಅಧ್ಯಾಪಕರು ಒಂದೇ ಕಾಲೇಜಿನಲ್ಲಿ ಕೆಲವು ವರ್ಷ ನೆಲೆನಿಂತಾಗ ಇಂತಹವು ಪಾಠದಲ್ಲಿ ಬೆಳೆಯುತ್ತವೆ.

* ರಾಜ್ಯಗಳ ಪುನರ್ವಿಂಗಡಣೆ: ಕೊಳ್ಳೇಗಾಲವು 1956ರವರೆಗೆ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಭಾಷಾವಾರು ಪುನರ್ವಿಂಗಡಣೆಯಲ್ಲಿ ಅದು ಮೈಸೂರು ರಾಜ್ಯಕ್ಕೆ ಬಂದಿತು. ನೆರೆಯ ಯಳಂದೂರು ಮೈಸೂರು ಸಂಸ್ಥಾನದಲ್ಲಿ ದಿವಾನ್ ಪೂರ್ಣಯ್ಯನವರಿಗೆ ಕೊಟ್ಟ ಜಹಗೀರಾಗಿತ್ತು.
* ಮತದ ಮೌಲ್ಯ: 2004ರ ವಿಧಾನಸಭಾ ಚುನಾವಣೆಯಲ್ಲಿ, ಯಳಂದೂರಿಗೆ ಹೊಂದಿಕೊಂಡಿದ್ದ ಅಂದಿನ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರು ಎ.ಆರ್. ಕೃಷ್ಣಮೂರ್ತಿ ಅವರನ್ನು ಒಂದೇ ಒಂದು ಮತದಿಂದ ಸೋಲಿಸಿದರು. ಕ್ಷೇತ್ರ ಪುನರ್ವಿಂಗಡಣೆಯ ಬಳಿಕ, 2008ರ ಚುನಾವಣೆಯಿಂದ ಆ ಕ್ಷೇತ್ರ ಇಲ್ಲವಾಯಿತು.
* ಪಕ್ಷ ಪದ್ಧತಿ ಮತ್ತು ಸಮ್ಮಿಶ್ರ ಸರ್ಕಾರ: 2018ರಲ್ಲಿ ಕೊಳ್ಳೇಗಾಲ ಮೀಸಲು ಕ್ಷೇತ್ರದಿಂದ ಬಹುಜನ ಸಮಾಜ ಪಕ್ಷದ ಎನ್. ಮಹೇಶ್ ಗೆದ್ದು, ಸಮ್ಮಿಶ್ರ ಸರ್ಕಾರದಲ್ಲಿ ಪ್ರಾಥಮಿಕ ಮತ್ತು ಪ್ರೌಢಶಿಕ್ಷಣ ಸಚಿವರಾದರು.
* ಗ್ರಾಮಸಭೆ ಮತ್ತು ಹಕ್ಕುಗಳು: ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2006ರ ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಸಮುದಾಯ ಹಕ್ಕುಗಳು ದೊರೆತವು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಇಂತಹ ಹಕ್ಕು ಮಾನ್ಯವಾದ ಆರಂಭದ ಪ್ರಕರಣಗಳಲ್ಲಿ ಇದೂ ಒಂದು.
* ಮತದಾನ ಬಹಿಷ್ಕಾರ: 2024ರ ಏಪ್ರಿಲ್ 26ರಂದು ಲೋಕಸಭಾ ಚುನಾವಣೆಯ ವೇಳೆ ಹನೂರು ತಾಲ್ಲೂಕಿನ ಇಂಡಿಗನತ್ತ ಗ್ರಾಮದಲ್ಲಿ ಮೂಲಸೌಕರ್ಯದ ಕೊರತೆಯ ಹಿನ್ನೆಲೆಯಲ್ಲಿ ಬಹಿಷ್ಕಾರ ಹಾಗೂ ಮತಗಟ್ಟೆಯ ಧ್ವಂಸ ನಡೆದು, ಏಪ್ರಿಲ್ 29ರಂದು ಮರುಮತದಾನ ಏರ್ಪಟ್ಟಿತು.

ಕಾನೂನಿನ ನೆಲೆ

ಅತಿಥಿ ಉಪನ್ಯಾಸಕರ ಕಾಯಮಾತಿಯ ಚರ್ಚೆಯಲ್ಲಿ ಮುಖ್ಯವಾಗಿ ಉಲ್ಲೇಖವಾಗುವುದು ಕರ್ನಾಟಕ ರಾಜ್ಯ ವಿರುದ್ಧ ಉಮಾದೇವಿ ಪ್ರಕರಣ. 2006ರ ಏಪ್ರಿಲ್ 10ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು, ನಿಯಮಬದ್ಧ ಆಯ್ಕೆಯಿಲ್ಲದೆ ನೇಮಕಗೊಂಡ ತಾತ್ಕಾಲಿಕ ನೌಕರರು ಕೇವಲ ದೀರ್ಘ ಸೇವೆಯ ಆಧಾರದ ಮೇಲೆ ಕಾಯಮಾತಿಯನ್ನು ಹಕ್ಕಾಗಿ ಕೇಳಲಾಗದು ಎಂದು ತೀರ್ಪಿತ್ತಿತು. ಸರ್ಕಾರಿ ಉದ್ಯೋಗದಲ್ಲಿ ಎಲ್ಲ ಅರ್ಹರಿಗೂ ಸಮಾನ ಅವಕಾಶ ಕೊಡುವ ಸಂವಿಧಾನದ 14 ಮತ್ತು 16ನೆಯ ವಿಧಿಗಳು ಇದರ ಆಧಾರ. ಮಂಜೂರಾದ ಹುದ್ದೆಗಳಲ್ಲಿ ನ್ಯಾಯಾಲಯದ ಆದೇಶದ ನೆರವಿಲ್ಲದೆ ಹತ್ತು ವರ್ಷ ಅಥವಾ ಹೆಚ್ಚು ಕಾಲ ದುಡಿದ ಅರ್ಹರಿಗೆ ಒಂದು ಬಾರಿಯ ವಿನಾಯಿತಿಯನ್ನು ಅದು ಸೂಚಿಸಿತು.

ವೇತನದ ವಿಚಾರದಲ್ಲಿ ನ್ಯಾಯಾಲಯದ ನಿಲುವು ಬೇರೆ ದಿಕ್ಕಿನಲ್ಲಿ ಸಾಗಿದೆ. ಸಂವಿಧಾನದ 39(ಡಿ) ವಿಧಿಯು ಸಮಾನ ಕೆಲಸಕ್ಕೆ ಸಮಾನ ವೇತನವನ್ನು ರಾಜ್ಯನೀತಿಯ ನಿರ್ದೇಶಕ ತತ್ವವಾಗಿ ಹೇಳುತ್ತದೆ. 2016ರ ಪಂಜಾಬ್ ರಾಜ್ಯ ವಿರುದ್ಧ ಜಗಜಿತ್ ಸಿಂಗ್ ಪ್ರಕರಣದಲ್ಲಿ, ಕಾಯಂ ನೌಕರರ ಕರ್ತವ್ಯವನ್ನೇ ನಿರ್ವಹಿಸುವ ತಾತ್ಕಾಲಿಕ ನೌಕರರು ಆ ಹುದ್ದೆಯ ವೇತನಶ್ರೇಣಿಯ ಕನಿಷ್ಠ ವೇತನಕ್ಕೆ ಅರ್ಹರು ಎಂದು ನ್ಯಾಯಾಲಯ ಹೇಳಿತು. 2025ರ ಆಗಸ್ಟ್‌ನಲ್ಲಿ ಗುಜರಾತಿನ ಗುತ್ತಿಗೆ ಸಹಾಯಕ ಪ್ರಾಧ್ಯಾಪಕರ ಪ್ರಕರಣದಲ್ಲಿಯೂ ಇದೇ ತತ್ವವನ್ನು ಅನ್ವಯಿಸಿತು.

ಯುಜಿಸಿಯ 2018ರ ನಿಯಮಾವಳಿಯು ಗುತ್ತಿಗೆ ನೇಮಕಾತಿಯು ಅನಿವಾರ್ಯವಾದಾಗ ಮಾತ್ರ ಇರಬೇಕು, ಅದು ಒಟ್ಟು ಅಧ್ಯಾಪಕ ಹುದ್ದೆಗಳ ಶೇ. 10ನ್ನು ಮೀರಬಾರದು ಎಂದು ವಿಧಿಸುತ್ತದೆ. ಅತಿಥಿ ನಿಯೋಜನೆಯು ಗುತ್ತಿಗೆಗಿಂತ ಬೇರೆ ಹೆಸರಿನಲ್ಲಿ ನಡೆಯುವುದರಿಂದ ಈ ಮಿತಿಯಿಂದ ಅದಕ್ಕೆ ನೇರವಾದ ತಡೆ ಉಂಟಾಗಿಲ್ಲ.

ವಾದ–ಪ್ರತಿವಾದಗಳು

ಕಾಯಮಾತಿಯನ್ನು ಬೆಂಬಲಿಸುವವರು, ಖಾಲಿ ಹುದ್ದೆಗಳನ್ನು ಕಾಲಕಾಲಕ್ಕೆ ತುಂಬದಿದ್ದುದು ಸರ್ಕಾರದ ಲೋಪ, ಅದರ ಭಾರವನ್ನು ವಯೋಮಿತಿ ಮೀರಿದವರ ಮೇಲೆ ಹೊರಿಸಬಾರದು ಎನ್ನುತ್ತಾರೆ. ವಿರೋಧಿಸುವವರು, ಹೊಸದಾಗಿ ಅರ್ಹತೆ ಪಡೆದ ಯುವಕರಿಗೂ ಮೀಸಲಾತಿಯ ಫಲಾನುಭವಿಗಳಿಗೂ ಮುಕ್ತ ಸ್ಪರ್ಧೆಯ ಅವಕಾಶ ತಪ್ಪುತ್ತದೆ ಎಂದು ವಾದಿಸುತ್ತಾರೆ. ಇವೆರಡರ ನಡುವೆ, ನೇರ ನೇಮಕಾತಿಯಲ್ಲಿ ಸೇವಾವಧಿಗೆ ಕೃಪಾಂಕ ಹಾಗೂ ವಯೋಮಿತಿ ಸಡಿಲಿಕೆ ನೀಡಬೇಕೆಂಬ ಮೂರನೆಯ ಸಲಹೆಯೂ ಇದೆ.

ನೇರ ನೇಮಕಾತಿಯ ಉದಾಹರಣೆಯಾಗಿ, 1,242 ಸಹಾಯಕ ಪ್ರಾಧ್ಯಾಪಕ ಹುದ್ದೆಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು 2022ರ ಮಾರ್ಚ್‌ನಲ್ಲಿ ಪರೀಕ್ಷೆ ನಡೆಸಿತು. ಪರೀಕ್ಷೆ ಬರೆದು ಆಯ್ಕೆಯಾದ ಅತಿಥಿ ಉಪನ್ಯಾಸಕರಿಗೆ ಇದು ಕಾಯಂ ಹುದ್ದೆಯ ದಾರಿಯಾಯಿತು. ಅದೇ ಹುದ್ದೆಗಳ ಜಾಗದಲ್ಲಿ ದುಡಿಯುತ್ತಿದ್ದ ಇತರರಿಗೆ ಅದು ಗಂಟೆಗಳ ನಷ್ಟವಾಯಿತು.

ವಿದ್ಯಾರ್ಥಿಗಳ ಮೇಲಿನ ಪರಿಣಾಮ

ಅತಿಥಿ ಉಪನ್ಯಾಸಕರ ಮುಷ್ಕರದ ಅವಧಿಯಲ್ಲಿ ಕಾಯಂ ಅಧ್ಯಾಪಕರು ಕಡಿಮೆ ಇರುವ ಕಾಲೇಜುಗಳಲ್ಲಿ ತರಗತಿಗಳು ನಿಂತು, ವಿದ್ಯಾರ್ಥಿಗಳು ಪಾಠ ಆರಂಭಿಸುವಂತೆ ಪ್ರತಿಭಟಿಸಿದ ಪ್ರಸಂಗಗಳು ವರದಿಯಾಗಿವೆ. ಮುಷ್ಕರವಿಲ್ಲದ ವರ್ಷಗಳಲ್ಲಿಯೂ ಅಧ್ಯಾಪಕರು ವರ್ಷಕ್ಕೊಮ್ಮೆ ಬದಲಾಗುವ ಸಾಧ್ಯತೆ ಇರುವುದರಿಂದ, ಮೊದಲ ವರ್ಷದಲ್ಲಿ ಪಾಠ ಹೇಳಿದವರು ಅಂತಿಮ ವರ್ಷದಲ್ಲಿ ಇರುತ್ತಾರೆಂಬ ಭರವಸೆ ಇರುವುದಿಲ್ಲ. ಸ್ನಾತಕೋತ್ತರ ಪ್ರವೇಶಕ್ಕೆ ಮಾರ್ಗದರ್ಶನ ಮಾಡುವುದು, ವಿದ್ಯಾರ್ಥಿವೇತನದ ಅರ್ಜಿಗೆ ನೆರವಾಗುವುದು, ಓದು ಬಿಡುವ ಸ್ಥಿತಿಯಲ್ಲಿರುವವರ ಮನೆಯವರೊಂದಿಗೆ ಮಾತನಾಡುವುದು ಮೊದಲಾದ ಕೆಲಸಗಳಿಗೆ ದೀರ್ಘ ಪರಿಚಯ ಬೇಕು. ಇವು ಕಾರ್ಯಭಾರದ 15 ಗಂಟೆಗಳ ಲೆಕ್ಕದಲ್ಲಿ ಸೇರುವುದಿಲ್ಲ.

ರಾಜ್ಯಶಾಸ್ತ್ರದ ತರಗತಿಯಲ್ಲಿ ಈ ಪ್ರಶ್ನೆಗೆ ಮತ್ತೊಂದು ಮುಖವೂ ಇದೆ. ಸಮಾನ ಅವಕಾಶವನ್ನು ಹೇಳುವ 16ನೆಯ ವಿಧಿಯೂ, ಸಮಾನ ವೇತನವನ್ನು ಹೇಳುವ 39(ಡಿ) ವಿಧಿಯೂ ಪಠ್ಯದಲ್ಲಿವೆ. ಕಾಯಮಾತಿಯ ವಿರುದ್ಧ ಮೊದಲನೆಯದನ್ನು, ವೇತನದ ಪರವಾಗಿ ಎರಡನೆಯದನ್ನು ಉಲ್ಲೇಖಿಸಲಾಗುತ್ತದೆ. ಈ ಎರಡೂ ವಿಧಿಗಳನ್ನು ವಿದ್ಯಾರ್ಥಿಗಳಿಗೆ ಬೋಧಿಸುವವರಲ್ಲಿ ಅತಿಥಿ ಉಪನ್ಯಾಸಕರೂ ಸೇರಿದ್ದಾರೆ.